ಉಳುವವನ ಹೆಸರನ್ನು ಪಹಣಿಗೆ ತಂದ ದೇವರಾಜ ಅರಸು

ನಮ್ಮ ಸಹಕಾರ ಸಂಘವು 25 ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕು ಅಂತ ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿದರು. ಯಾರಾದರೂ ಒಬ್ಬ ಮಹನೀಯರ ಜೀವನ ಚರಿತ್ರೆ ಆಗಲಿ ಅಂದರು. ನಾವು ವ್ಯವಸಾಯಗಾರರು, ಎಸ್.ಎಸ್.ಎಲ್.ಸಿ.ವರೆಗೆ ಓದಿದವರು. ದೊಡ್ಡ ಸಾಹಿತ್ಯದ ಮಾತು ನಮಗೆ ಬರುವುದಿಲ್ಲ. ಆದರೆ ಸಂಘದ ನಿರ್ದೇಶಕರಾಗಿ ಸಾಲದ ಅರ್ಜಿಗಳನ್ನು ನೋಡುತ್ತಾ ಬಂದಿದ್ದೇವೆ. ಬೆಳೆಸಾಲಕ್ಕೆ ಯಾರೇ ಬರಲಿ, ಮೊದಲು ಕೇಳುವ ಕಾಗದ ಪಹಣಿ. ಪಹಣಿಯಲ್ಲಿ ಹೆಸರಿದ್ದರೆ ಸಾಲ, ಇಲ್ಲದಿದ್ದರೆ ಇಲ್ಲ. ನಮ್ಮ ಸದಸ್ಯರಲ್ಲಿ ಬಹಳ ಜನರ ಪಹಣಿಯ ಮೂಲ ಹುಡುಕುತ್ತಾ ಹೋದರೆ ಅದು ತಾಲ್ಲೂಕು ಭೂನ್ಯಾಯ ಮಂಡಳಿಯ ಒಂದು ಆದೇಶಕ್ಕೆ ಹೋಗಿ ನಿಲ್ಲುತ್ತದೆ. ಆ ಮಂಡಳಿಗಳನ್ನು ತಂದವರು ದಿವಂಗತ ಡಿ. ದೇವರಾಜ ಅರಸು ಅವರು. ಆದ್ದರಿಂದ ಅವರ ಜೀವನವನ್ನು, ಅದರಲ್ಲೂ ಒಡೆಯರು ಮತ್ತು ಗೇಣಿದಾರರ ನಡುವಿನ ವ್ಯಾಜ್ಯಗಳನ್ನು ಅವರು ಬಗೆಹರಿಸಿದ ರೀತಿಯನ್ನು ತಿಳಿದ ಮಟ್ಟಿಗೆ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಮ್ಮ ಸಂಘದಲ್ಲಿ ಒಡೆಯರ ಮನೆಯವರೂ ಇದ್ದಾರೆ, ಒಕ್ಕಲು ಮನೆಯವರೂ ಇದ್ದಾರೆ. ಭೂಮಿ ಬಂದ ಮನೆಯಲ್ಲಿ ಒಂದು ನೆನಪು, ಭೂಮಿ ಹೋದ ಮನೆಯಲ್ಲಿ ಇನ್ನೊಂದು ನೆನಪು. ಎರಡೂ ನಿಜವೇ. ಯಾರ ಮನಸ್ಸನ್ನೂ ನೋಯಿಸುವುದು ನಮ್ಮ ಉದ್ದೇಶವಲ್ಲ.

ಹುಟ್ಟು, ಬಾಲ್ಯ, ವಿದ್ಯಾಭ್ಯಾಸ

ದೇವರಾಜ ಅರಸು ಅವರು 1915ನೇ ಇಸವಿ ಆಗಸ್ಟ್ 20ರಂದು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ತಂದೆಯ ಹೆಸರೂ ದೇವರಾಜ ಅರಸು, ತಾಯಿ ದೇವೀರಮ್ಮಣ್ಣಿ. ಅವರ ತಮ್ಮ ಕೆಂಪರಾಜ ಅರಸು ಸಿನಿಮಾ ರಂಗದಲ್ಲಿ ಹೆಸರು ಮಾಡಿದವರು. ಅರಸು ಜನಾಂಗ ಅಂದರೆ ಮೈಸೂರು ರಾಜಮನೆತನಕ್ಕೆ ನೆಂಟಸ್ತಿಕೆ ಇರುವ ಜನಾಂಗ. ಹೆಸರು ದೊಡ್ಡದಾದರೂ ಜನಸಂಖ್ಯೆಯಲ್ಲಿ ಬಹಳ ಸಣ್ಣದು. ಚುನಾವಣೆಯಲ್ಲಿ ಜಾತಿ ಲೆಕ್ಕ ಹಾಕುವವರ ಪುಸ್ತಕದಲ್ಲಿ ಅವರದ್ದು ಲೆಕ್ಕಕ್ಕೇ ಸಿಗದ ಸಂಖ್ಯೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅವರು ಸಣ್ಣ ಸಣ್ಣ ಜನಾಂಗಗಳನ್ನೆಲ್ಲಾ ಒಟ್ಟು ಕಟ್ಟಿಕೊಂಡು ಹೋದದ್ದಕ್ಕೆ ಇದೂ ಒಂದು ಕಾರಣ ಅಂತ ನಮಗೆ ತೋರುತ್ತದೆ.

ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದರು. ಆ ಕಾಲಕ್ಕೆ ಬಿ.ಎಸ್ಸಿ. ಅಂದರೆ ಸಾಮಾನ್ಯ ಮಾತಲ್ಲ, ಸರ್ಕಾರಿ ನೌಕರಿ ಮನೆ ಬಾಗಿಲಿಗೆ ಬರುತ್ತಿತ್ತು. ಆದರೆ ಅವರು ಊರಿಗೆ ವಾಪಸು ಬಂದು ಬೇಸಾಯಕ್ಕೆ ನಿಂತರು. ಹೊಲದ ಕೆಲಸ, ಮಳೆ ನಂಬಿದವನ ಪಾಡು, ಆಳುಕಾಳಿನ ಕಷ್ಟ, ಸಾಹುಕಾರನ ಬಡ್ಡಿ ಇವೆಲ್ಲಾ ಅವರಿಗೆ ಪುಸ್ತಕದಿಂದ ಬಂದದ್ದಲ್ಲ, ಕಲ್ಲಹಳ್ಳಿಯ ಹೊಲದಿಂದಲೇ ಬಂದದ್ದು.

ರಾಜಕೀಯ ಪ್ರವೇಶ

1941ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದರು. ಆಗ ಅವರಿಗೆ 26 ವರ್ಷ. ಸ್ವಾತಂತ್ರ್ಯ ಬಂದ ಮೇಲೆ 1952ರ ಮೊದಲನೇ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ಆಮೇಲೆ 1957, 1962, 1967 ಹೀಗೆ ಸತತವಾಗಿ ಗೆದ್ದರು. 1962ರ ನಂತರ ಮಂತ್ರಿಯೂ ಆದರು. 1969ರಲ್ಲಿ ಕಾಂಗ್ರೆಸ್ ಪಕ್ಷ ಇಬ್ಭಾಗ ಆಯಿತು. ರಾಜ್ಯದ ದೊಡ್ಡ ದೊಡ್ಡ ನಾಯಕರೆಲ್ಲಾ ನಿಜಲಿಂಗಪ್ಪನವರ ಕಡೆ ಉಳಿದರು. ಅರಸು ಅವರು ಇಂದಿರಾ ಗಾಂಧಿಯವರ ಕಡೆ ಹೋದರು. ಆಗ ಅವರ ಹಿಂದೆ ಇದ್ದವರು ಬೆರಳೆಣಿಕೆಯ ಜನ. 1972ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 216 ಸ್ಥಾನಗಳ ಪೈಕಿ 165 ಬಂತು. ಅದೇ ಮಾರ್ಚ್ 20ರಂದು ಅವರು ಮುಖ್ಯಮಂತ್ರಿ ಆದರು. ಮರುವರ್ಷ 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದೂ ಅವರ ಕಾಲದಲ್ಲೇ.

ಅರಸು ಬರುವುದಕ್ಕೆ ಮುಂಚೆ ಗೇಣಿದಾರನ ಸ್ಥಿತಿ

ಈಗಿನ ಹುಡುಗರಿಗೆ ಗೇಣಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಗದ್ದೆ ಒಡೆಯನದು, ಉತ್ತು ನೆಟ್ಟು ಕೊಯ್ಯುವವನು ಒಕ್ಕಲು. ಕೊಯ್ಲಾದ ಮೇಲೆ ಕಣದಲ್ಲೇ ಗೇಣಿ ಭತ್ತ ಅಳೆದು ಕೊಡಬೇಕು. ಅಳೆಯುವ ಕೊಳಗವೂ ಒಡೆಯನ ಮನೆಯದ್ದೇ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಅಲ್ಲಿ ಜಗಳ ಶುರುವಾದದ್ದೇ ಈ ಕೊಳಗದ ಅಳತೆಯಿಂದ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮುಂದಾಳಾದರು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಅರಸು ಅವರಿಗೂ ಆ ಸತ್ಯಾಗ್ರಹಕ್ಕೂ ನೇರ ಸಂಬಂಧವಿಲ್ಲ. ಆದರೆ ಕಾಗೋಡಿನಲ್ಲಿ ಎದ್ದ ಕೂಗು 23 ವರ್ಷ ಆದಮೇಲೆ ಕಾನೂನಾಗಿ ಬಂತು ಅಂತ ಹೇಳಬಹುದು.

ಹಾಗಾದರೆ ಅಲ್ಲಿಯವರೆಗೆ ಕಾನೂನು ಇರಲಿಲ್ಲವೆ ಅಂತ ಕೇಳಬಹುದು. ಇತ್ತು. ಹಳೇ ಮೈಸೂರಿಗೆ 1952ರಲ್ಲೇ ಗೇಣಿ ಕಾಯಿದೆ ಬಂದಿತ್ತು. ಏಕೀಕರಣವಾದ ಮೇಲೆ ಬಿ.ಡಿ. ಜತ್ತಿಯವರ ಸಮಿತಿ ವರದಿ ಕೊಟ್ಟಿತು. ತೀರ್ಥಹಳ್ಳಿ ಕಡೆಯ ಕಡಿದಾಳ್ ಮಂಜಪ್ಪನವರು ಕಂದಾಯ ಮಂತ್ರಿಗಳಾಗಿ ಶ್ರಮಪಟ್ಟು 1961ರ ಭೂ ಸುಧಾರಣಾ ಕಾಯಿದೆ ತಂದರು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಗೇಣಿ ಉತ್ಪತ್ತಿಯ ನಾಲ್ಕನೇ ಒಂದು ಅಥವಾ ಐದನೇ ಒಂದು ಭಾಗ ಮೀರಬಾರದು ಅಂತ ಅದರಲ್ಲಿ ಬರೆದಿತ್ತು. ಕಾಗದದ ಮೇಲೆ ಒಳ್ಳೆಯ ಕಾಯಿದೆಯೇ. ಆದರೆ ಅದರಲ್ಲಿ ಎರಡು ಕಿಂಡಿ ಇದ್ದವು. ಒಂದು, ಒಡೆಯನು ಸ್ವಂತ ಸಾಗುವಳಿಗೆ ಬೇಕು ಅಂತ ಹೇಳಿ ಜಮೀನು ವಾಪಸು ಕೇಳಬಹುದಿತ್ತು. ಎರಡು, ತಕರಾರು ಬಂದರೆ ತೀರ್ಮಾನಕ್ಕೆ ಕೋರ್ಟಿಗೇ ಹೋಗಬೇಕಿತ್ತು.

ಕೋರ್ಟಿನ ಕಟ್ಟೆ ಹತ್ತುವುದು ಒಡೆಯನಿಗೆ ಹೊಸದಲ್ಲ. ಅವನ ಕಡೆ ವಕೀಲರಿದ್ದರು, ದಸ್ತಾವೇಜು ಇತ್ತು, ಕಾಯುವುದಕ್ಕೆ ಹೊಟ್ಟೆಗೂ ಇತ್ತು. ಗೇಣಿದಾರನ ಕಡೆ ಏನಿತ್ತು? ಗೇಣಿ ಚೀಟಿ ಬರೆದಿದ್ದರೆ ಅದು ಒಡೆಯನ ಪೆಟ್ಟಿಗೆಯಲ್ಲಿ. ಭತ್ತ ಅಳೆದು ಕೊಟ್ಟದ್ದಕ್ಕೆ ರಸೀದಿ ಕೊಡುವ ಪದ್ಧತಿ ಬಹಳ ಕಡೆ ಇರಲಿಲ್ಲ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು ಬರೆಯಬೇಕು, ಅದನ್ನು ಬರೆಯುವ ಶಾನುಭೋಗರಿಗೆ ಒಡೆಯನ ಮನೆಯಲ್ಲೇ ಊಟ, ಉಪಚಾರ. ಹೀಗಿರುವಾಗ ಉತ್ತವನ ಹೆಸರು ಕಾಲಂ ಒಳಗೆ ಹೇಗೆ ಬಂದೀತು?

ವ್ಯಾಜ್ಯ ನಡೆಸುವ ಒಡೆಯರಿಗೆ ಮೂರು ನಾಲ್ಕು ದಾರಿ ಇರುತ್ತಿದ್ದವು ಅಂತ ಹಿರಿಯರು ಹೇಳುತ್ತಾರೆ. ಇವನು ಗೇಣಿದಾರನೇ ಅಲ್ಲ, ನಮ್ಮ ಮನೆಯ ಕೂಲಿ ಆಳು ಅನ್ನುವುದು ಒಂದು ದಾರಿ. ಇವನು ತಾನಾಗಿಯೇ ಜಮೀನು ಬಿಟ್ಟುಕೊಟ್ಟಿದ್ದಾನೆ ಅಂತ ರಾಜೀನಾಮೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ತೋರಿಸುವುದು ಇನ್ನೊಂದು. ಗೇಣಿ ಬಾಕಿ ಇದೆ ಅಂತ ದಾವೆ ಹೂಡುವುದು ಮತ್ತೊಂದು. ಇದ್ಯಾವುದೂ ನಡೆಯದಿದ್ದರೆ ಗದ್ದೆಗೆ ಇಳಿಯದ ಹಾಗೆ ತಡೆಯಾಜ್ಞೆ ತರುವುದು. ನಾಟಿ ಸಮಯಕ್ಕೆ ಸರಿಯಾಗಿ ತಡೆಯಾಜ್ಞೆ ಬಂದರೆ ಆ ವರ್ಷದ ಬೆಳೆ ಹೋಯಿತು ಅಂತಲೇ ಅರ್ಥ. ಮುನ್ಸೀಫ್ ಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ವಕೀಲರ ಫೀಸು ಬೇರೆ. ಅಲ್ಲಿ ಗೆದ್ದರೆ ಎದುರಿನವರು ಮೇಲ್ಮನವಿ ಹಾಕುತ್ತಿದ್ದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಎಷ್ಟೋ ಒಕ್ಕಲುಗಳು ಕೇಸು ನಡೆಸಲಾರದೆ ಮಧ್ಯದಲ್ಲೇ ರಾಜಿಯಾಗಿ ಜಮೀನು ಬಿಟ್ಟರು. ಹಾಗೆ ಒಕ್ಕಲೆಬ್ಬಿಸಿದ್ದಕ್ಕೆ ಲೆಕ್ಕ ಇಟ್ಟವರಿಲ್ಲ.

1974ರ ಮಾರ್ಚ್ ಒಂದನೇ ತಾರೀಖು

ಅರಸು ಅವರು ಮುಖ್ಯಮಂತ್ರಿಯಾಗಿ ಎರಡು ವರ್ಷದೊಳಗೆ ಈ ಕಾಯಿದೆಗೆ ತಿದ್ದುಪಡಿ ತಂದರು. ಅದು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ಎಲ್ಲರೂ ಕೇಳಿದ್ದೇವೆ. ಆದರೆ ಆ ಘೋಷಣೆ ಕೆಲಸ ಮಾಡಿದ್ದು ಹೇಗೆ ಅನ್ನುವುದನ್ನು ತಿಳಿದವರು ಕಡಿಮೆ. ನಮಗೆ ತಿಳಿದಂತೆ ಮುಖ್ಯವಾದ ಬದಲಾವಣೆಗಳು ಹೀಗಿದ್ದವು.

ಮೊದಲನೆಯದಾಗಿ, ಆ ದಿನ ಗೇಣಿಯಲ್ಲಿದ್ದ ಜಮೀನೆಲ್ಲಾ ಸರ್ಕಾರಕ್ಕೆ ಸೇರಿತು. ಸ್ವಂತಕ್ಕೆ ಬೇಕು ಅಂತ ಒಡೆಯರು ವಾಪಸು ಕೇಳುವ ಕಿಂಡಿ ಮುಚ್ಚಿಹೋಯಿತು. ಸೈನಿಕರು ಮತ್ತು ಹಡಗಿನಲ್ಲಿ ದುಡಿಯುವವರಿಗೆ ಮಾತ್ರ ವಿನಾಯಿತಿ ಇತ್ತು. ಎರಡನೆಯದಾಗಿ, ಉಳುತ್ತಿದ್ದವನು ನಮೂನೆ 7ರಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು. ನಮ್ಮ ಕಡೆ ಅದಕ್ಕೆ ಡಿಕ್ಲರೇಷನ್ ಕೊಡುವುದು ಅನ್ನುತ್ತಿದ್ದರು. ಮೂರನೆಯದಾಗಿ, ಅರ್ಜಿಯ ತೀರ್ಮಾನ ಕೋರ್ಟಿನಲ್ಲಿ ಅಲ್ಲ, ತಾಲ್ಲೂಕಿಗೊಂದರಂತೆ ಮಾಡಿದ ಭೂನ್ಯಾಯ ಮಂಡಳಿಯಲ್ಲಿ. ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ಕು ಜನ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ನಾಲ್ಕನೆಯದಾಗಿ, ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ. ಒಡೆಯನೂ ತನ್ನ ಮಾತು ತಾನೇ ಹೇಳಬೇಕು, ಒಕ್ಕಲೂ ತನ್ನ ಮಾತು ತಾನೇ ಹೇಳಬೇಕು. ಐದನೆಯದಾಗಿ, ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿದ್ದ ದಾವೆಯಲ್ಲಿ ಇವನು ಗೇಣಿದಾರನೋ ಅಲ್ಲವೋ ಅನ್ನುವ ಪ್ರಶ್ನೆ ಬಂದರೆ ಕೋರ್ಟು ಅದನ್ನು ತಾನು ತೀರ್ಮಾನ ಮಾಡದೆ ಮಂಡಳಿಗೆ ಕಳಿಸಬೇಕು.

ನಮ್ಮ ಅಭಿಪ್ರಾಯದಲ್ಲಿ ಅರಸು ಅವರ ದೊಡ್ಡ ಕೆಲಸ ಇದೇ. ಗೇಣಿದಾರನಿಗೆ ಹಕ್ಕಿದೆ ಅಂತ ಹಿಂದಿನವರೂ ಹೇಳಿದ್ದರು. ಆ ಹಕ್ಕನ್ನು ಅವನು ಕೇಳುವ ಜಾಗವನ್ನು ಅರಸು ಬದಲಾಯಿಸಿದರು. ಕೋರ್ಟಿನಲ್ಲಿ ಕಾಗದ ಮಾತಾಡುತ್ತಿತ್ತು. ಮಂಡಳಿಯಲ್ಲಿ ಅಕ್ಕಪಕ್ಕದ ಗದ್ದೆಯವನ ಸಾಕ್ಷಿಗೆ ಬೆಲೆ ಬಂತು. ಬೇಕಾದರೆ ಮಂಡಳಿಯವರು ಸ್ಥಳಕ್ಕೇ ಬಂದು ಗದ್ದೆ ಯಾರ ಸ್ವಾಧೀನದಲ್ಲಿದೆ ಅಂತ ನೋಡುತ್ತಿದ್ದರು. ಅಂಚಿನ ಮೇಲೆ ನಿಂತು ಈ ಗದ್ದೆಗೆ ನೀರು ಎಲ್ಲಿಂದ ಬರುತ್ತೆ, ಪಕ್ಕದವನು ಯಾರು, ಹೋದ ವರ್ಷ ಯಾವ ಭತ್ತ ಹಾಕಿದ್ದೆ ಅಂತ ಕೇಳಿದರೆ ಉತ್ತವನು ತಡವರಿಸುವುದಿಲ್ಲ. ಉಳದವನಿಗೆ ಉತ್ತರ ಬರುವುದಿಲ್ಲ.

ಮಂಡಳಿಯಲ್ಲಿ ಗೆದ್ದವನಿಗೆ ಜಮೀನು ಪುಕ್ಕಟೆ ಬರಲಿಲ್ಲ ಅನ್ನುವುದನ್ನೂ ಹೇಳಬೇಕು. ಕಾಯಿದೆ ಪ್ರಕಾರ ಗೊತ್ತುಮಾಡಿದ ಮೊಬಲಗನ್ನು ಅವನು ಸರ್ಕಾರಕ್ಕೆ ಕಟ್ಟಬೇಕಿತ್ತು, ಕಂತಿನಲ್ಲೂ ಕಟ್ಟಬಹುದಿತ್ತು. ಆಮೇಲೆ ತಹಸೀಲ್ದಾರರು ನಮೂನೆ 10ರಲ್ಲಿ ಅಧಿಭೋಗದ ಹಕ್ಕುಪತ್ರ ಕೊಡುತ್ತಿದ್ದರು. ಆ ಜಮೀನನ್ನು 15 ವರ್ಷ ಮಾರುವ ಹಾಗಿರಲಿಲ್ಲ. ಬಡವನ ಕೈಗೆ ಬಂದದ್ದು ಮರುದಿನವೇ ಸಾಹುಕಾರನ ಕೈಗೆ ಹೋಗಬಾರದು ಅಂತ ಈ ಕಟ್ಟಳೆ. ಆದರೆ ಬ್ಯಾಂಕಿಗೆ, ಭೂ ಅಭಿವೃದ್ಧಿ ಬ್ಯಾಂಕಿಗೆ, ಸಹಕಾರ ಸಂಘಕ್ಕೆ ಆಧಾರ ಮಾಡಿ ಸಾಲ ತೆಗೆಯಬಹುದು ಅಂತ ಅದೇ ಕಲಂನಲ್ಲಿ ಬರೆದಿದೆ. ಸಹಕಾರ ಸಂಘದ ಹೆಸರು ಆ ಕಾಯಿದೆಯೊಳಗೇ ಇದೆ ಅನ್ನುವುದು ನಮಗೆಲ್ಲಾ ಹೆಮ್ಮೆಯ ವಿಷಯ.

ಮಂಡಳಿಗಳ ಮುಂದೆ ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳು ಮುಂದಿದ್ದವು, ಯಾಕೆಂದರೆ ಗೇಣಿ ಪದ್ಧತಿ ಹೆಚ್ಚು ಇದ್ದದ್ದು ಕರಾವಳಿ ಮತ್ತು ಮಲೆನಾಡಿನಲ್ಲಿ. ಅರ್ಜಿ ಕೊಡುವ ವಾಯಿದೆಯನ್ನು ಹಲವು ಸಲ ಮುಂದಕ್ಕೆ ಹಾಕಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ನಾಲ್ಕೂವರೆ ಲಕ್ಷಕ್ಕೂ ಮೇಲ್ಪಟ್ಟು ಅರ್ಜಿಗಳು ಗೇಣಿದಾರರ ಪರವಾಗಿ ಆದವು. ಒಡೆಯನ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕಾರ್ಮಿಕರಿಗೆ ಆ ಮನೆ ಜಾಗದ ಹಕ್ಕನ್ನೂ ಇದೇ ಕಾಯಿದೆ ಕೊಟ್ಟಿತು.

ಒಡೆಯರ ಕಡೆಯ ಮಾತು

ಒಂದೇ ಕಡೆಯ ಮಾತು ಹೇಳಿದರೆ ಧರ್ಮವಲ್ಲ. ನೂರಾರು ಎಕರೆ ಇದ್ದ ಧಣಿಗಳ ಮಾತು ಬೇರೆ. ಆದರೆ ಎರಡು ಮೂರು ಎಕರೆ ಗದ್ದೆ ಇಟ್ಟುಕೊಂಡು ಅದರ ಗೇಣಿ ಭತ್ತದಲ್ಲೇ ಜೀವನ ಮಾಡುತ್ತಿದ್ದ ವಿಧವೆಯರು, ಗಂಡುದಿಕ್ಕಿಲ್ಲದ ಮನೆಯವರು, ಹೊರಗಡೆ ಸಣ್ಣ ಮೇಷ್ಟರ ಕೆಲಸಕ್ಕೆ ಹೋಗಿದ್ದವರು ಇವರೂ ಕಾಯಿದೆಯ ಕಣ್ಣಿಗೆ ಭೂಮಾಲಿಕರೇ. ಅವರ ಗದ್ದೆಯೂ ಹೋಯಿತು. ಪರಿಹಾರ ಅಂತ ಗೊತ್ತುಮಾಡಿದ ಹಣ ಪೇಟೆ ದರಕ್ಕೆ ಹೋಲಿಸಿದರೆ ಅಲ್ಪ. ಅದೂ ಕೈಗೆ ಬರುವಷ್ಟರಲ್ಲಿ ಕಚೇರಿಗೆ ಎಷ್ಟು ಸಲ ಅಲೆದರೋ! ಅರಸು ಅವರು ಬಡ ಒಡೆಯನಿಗೂ ಶ್ರೀಮಂತ ಒಡೆಯನಿಗೂ ಇನ್ನಷ್ಟು ವ್ಯತ್ಯಾಸ ಮಾಡಬೇಕಿತ್ತು ಅಂತ ನಮಗೂ ಅನ್ನಿಸುತ್ತದೆ. ಮಂಡಳಿಯ ಸದಸ್ಯರನ್ನು ನೇಮಿಸುವಾಗ ಆಳುವ ಪಕ್ಷದ ಕೈ ಇರುತ್ತಿತ್ತು, ಕೆಲವು ಕಡೆ ಮುಖ ನೋಡಿ ತೀರ್ಮಾನವಾಯಿತು ಅನ್ನುವ ದೂರು ಅಂದಿನಿಂದಲೂ ಇದೆ.

ಒಡೆಯರು ಸುಮ್ಮನಿರಲಿಲ್ಲ. ಮಂಡಳಿಯ ತೀರ್ಮಾನದ ಮೇಲೆ ಮೇಲ್ಮನವಿಗೆ ಜಾಗ ಇರಲಿಲ್ಲವಾದ್ದರಿಂದ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಸಾವಿರಾರು ಕೇಸುಗಳು ಬೆಂಗಳೂರು ಸೇರಿದವು. ಬಹಳಷ್ಟನ್ನು ಮತ್ತೆ ವಿಚಾರಣೆ ಮಾಡಿ ಅಂತ ಹೈಕೋರ್ಟು ಮಂಡಳಿಗೇ ವಾಪಸು ಕಳಿಸಿತು. ಕೆಲವು ಕೇಸು ಹೀಗೆ ಮೇಲೆ ಕೆಳಗೆ ಓಡಾಡುತ್ತಾ ಅಪ್ಪನ ಕಾಲ ಮುಗಿದು ಮಗನ ಕಾಲಕ್ಕೂ ಬಂದವು. 1986ರಲ್ಲಿ ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿ ಪ್ರಾಧಿಕಾರ ಮಾಡಿದರು, ಕೆಲವೇ ವರ್ಷದಲ್ಲಿ ಅದನ್ನೂ ತೆಗೆದರು. 1987ರಲ್ಲಿ ಸುಪ್ರೀಂ ಕೋರ್ಟು ಈ ಭೂ ಸುಧಾರಣಾ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ವಕೀಲರು ಮಂಡಳಿಗೆ ಬರಬಾರದು ಅನ್ನುವ ನಿಯಮ ಮಾತ್ರ ಕೇಂದ್ರದ ವಕೀಲರ ಕಾಯಿದೆಗೆ ವಿರುದ್ಧ, ಅದು ನಿಲ್ಲುವುದಿಲ್ಲ ಅಂತ ಹೇಳಿತು. ಅಷ್ಟರಲ್ಲಿ ಅರಸು ಅವರು ತೀರಿಕೊಂಡು ಐದು ವರ್ಷ ಆಗಿತ್ತು, ಮಂಡಳಿಗಳ ಹೆಚ್ಚಿನ ಕೆಲಸವೂ ಮುಗಿದಿತ್ತು.

ಗೇಣಿದಾರರಲ್ಲೂ ಎಲ್ಲರಿಗೂ ನ್ಯಾಯ ಸಿಕ್ಕಿತು ಅನ್ನುವ ಹಾಗಿಲ್ಲ. ಒಡೆಯರ ಅನ್ನ ತಿಂದಿದ್ದೇವೆ, ಅವರ ಮೇಲೆ ಡಿಕ್ಲರೇಷನ್ ಕೊಡುವುದು ಹೇಗೆ ಅಂತ ದಾಕ್ಷಿಣ್ಯಕ್ಕೆ ಬಿದ್ದು ಅರ್ಜಿ ಕೊಡದವರು ಇದ್ದರು. ಹೆದರಿ ಕೊಡದವರೂ ಇದ್ದರು. ಓದುಬರಹ ಇಲ್ಲದೆ ಸರ್ವೆ ನಂಬರ್ ತಪ್ಪು ಬರೆಸಿ ಕಳಕೊಂಡವರು ಇದ್ದರು. ಅಂಥವರಿಗೆ 1998ರಲ್ಲಿ ನಮೂನೆ 7ಎ ಅಂತ ಇನ್ನೊಂದು ಅವಕಾಶ ಕೊಟ್ಟರು, ಅದು ದಕ್ಕಿದ್ದು ಕೆಲವರಿಗೆ. ಇನ್ನು ಗೇಣಿಯೂ ಇಲ್ಲದ, ಬರೀ ಕೂಲಿ ಮಾಡುತ್ತಿದ್ದವರಿಗೆ ಈ ಕಾಯಿದೆಯಿಂದ ಹೊಲ ಬಂದದ್ದು ಬಹಳ ಕಡಿಮೆ.

ಸಾಲದ ಋಣ ಮತ್ತು ಇತರ ಕೆಲಸಗಳು

ಭೂಮಿಯ ಜೊತೆಗೇ ಸಾಲದ ವಿಷಯಕ್ಕೂ ಅರಸು ಅವರು ಕೈ ಹಾಕಿದರು. 1976ರ ಋಣ ಪರಿಹಾರ ಕಾಯಿದೆಯಿಂದ ಸಣ್ಣ ರೈತರು, ಭೂಹೀನ ಕಾರ್ಮಿಕರು, ದುರ್ಬಲ ವರ್ಗದವರು ಖಾಸಗಿ ಲೇವಾದೇವಿಯವರಿಗೆ ಕೊಡಬೇಕಿದ್ದ ಸಾಲ ವಜಾ ಆಯಿತು. ಅಡವಿಟ್ಟ ಒಡವೆ, ಪಾತ್ರೆಗಳನ್ನು ವಾಪಸು ಕೊಡಬೇಕಾಯಿತು. ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲಕ್ಕೆ ಅದು ಅನ್ವಯಿಸಲಿಲ್ಲ. ಸಾಹುಕಾರರು ಮುಂದೆ ಸಾಲ ಕೊಡುವುದಕ್ಕೆ ಹಿಂಜರಿದರು. ಹೊಸದಾಗಿ ಹೊಲದೊಡೆಯನಾದವನಿಗೆ ಬೀಜ, ಗೊಬ್ಬರಕ್ಕೆ ದುಡ್ಡು ಬೇಕಲ್ಲ? ಅವನು ಸೊಸೈಟಿ ಬಾಗಿಲಿಗೆ ಬಂದ. ಹಳ್ಳಿಗಳಲ್ಲಿ ಸಹಕಾರ ಸಂಘಗಳ ಅಗತ್ಯ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ.

ಹಿಂದುಳಿದ ವರ್ಗಗಳಿಗಾಗಿ 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿದರು. 1975ರಲ್ಲಿ ಅದರ ವರದಿ ಬಂತು, ಮೀಸಲಾತಿ ಜಾರಿಯಾಯಿತು. ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಿದರು. ಜೀತ ವಿಮುಕ್ತಿಯ ಕೆಲಸವೂ ಆ ಕಾಲದಲ್ಲಿ ನಡೆಯಿತು. ಇವೆಲ್ಲಾ ಬೇರೆ ಬೇರೆ ಲೇಖನಕ್ಕೆ ಆಗುವಷ್ಟು ವಿಷಯ. ಇಲ್ಲಿ ಹೆಸರಿಸಿ ಬಿಡುತ್ತೇವೆ.

ಅಧಿಕಾರದಿಂದ ಇಳಿದದ್ದು, ಕೊನೆಯ ದಿನಗಳು

ಮೇಲೇರಿದವರು ಇಳಿಯಲೇಬೇಕು. ಅರಸು ಅವರ ಮೇಲೆ ಆಪಾದನೆಗಳು ಬಂದವು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಗ್ರೋವರ್ ಆಯೋಗ ನೇಮಿಸಿತು. ಆ ವರ್ಷದ ಡಿಸೆಂಬರ್ 31ಕ್ಕೆ ಅವರ ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಆದರೆ 1978ರ ಫೆಬ್ರವರಿ ಚುನಾವಣೆಯಲ್ಲಿ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. 224 ಸ್ಥಾನಗಳಲ್ಲಿ 149 ಅವರ ಪಕ್ಷಕ್ಕೆ ಬಂತು. ಡಿಕ್ಲರೇಷನ್ ಕೊಟ್ಟ ಮನೆಗಳ ಓಟು ಆಗ ಎಲ್ಲಿಗೆ ಹೋಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದು ಬಂದಾಗ ಬೆನ್ನಿಗೆ ನಿಂತವರು ಅರಸು.

ಮರುವರ್ಷವೇ ಇಬ್ಬರಿಗೂ ಮನಸ್ತಾಪವಾಯಿತು. 1979ರಲ್ಲಿ ಅವರನ್ನು ಪಕ್ಷದಿಂದ ಹೊರಗೆ ಹಾಕಿದರು. 1980ರ ಜನವರಿ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋಯಿತು. ನಿನ್ನೆಯವರೆಗೆ ಅರಸು ಅವರ ಸುತ್ತ ಇದ್ದ ಶಾಸಕರು ಒಬ್ಬೊಬ್ಬರಾಗಿ ಆ ಕಡೆ ಹೋದರು. ಅವರು ರಾಜೀನಾಮೆ ಕೊಟ್ಟರು, ಆರ್. ಗುಂಡೂರಾಯರು ಮುಖ್ಯಮಂತ್ರಿಯಾದರು. ಆಮೇಲೆ ಅರಸು ಅವರು ಕ್ರಾಂತಿರಂಗ ಅಂತ ಹೊಸ ಪಕ್ಷ ಕಟ್ಟುವುದಕ್ಕೆ ಹೊರಟರು. ಆ ಕೆಲಸ ನಡೆಯುತ್ತಿರುವಾಗಲೇ 1982ರ ಜೂನ್ 6ರಂದು ತೀರಿಕೊಂಡರು. ಆಗ ಅವರಿಗೆ 66 ವರ್ಷ. ಇನ್ನು ಏಳು ತಿಂಗಳಿಗೆ, 1983ರ ಜನವರಿಯಲ್ಲಿ, ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ ಸರ್ಕಾರ ಮಾಡಿದವು. ಅದನ್ನು ನೋಡಲು ಅವರು ಇರಲಿಲ್ಲ. ಈಗ ಪ್ರತಿ ವರ್ಷ ಆಗಸ್ಟ್ 20ರಂದು ಸರ್ಕಾರದ ವತಿಯಿಂದ ಅವರ ಜಯಂತಿ ನಡೆಯುತ್ತದೆ.

ನಮ್ಮ ಸಂಘಕ್ಕೂ ಅರಸು ಅವರಿಗೂ ಇರುವ ನಂಟು

ನಮ್ಮ ಸಂಘ ಹುಟ್ಟಿದ್ದು ಅರಸು ಅವರು ಹೋಗಿ ಎಷ್ಟೋ ವರ್ಷ ಆದಮೇಲೆ. ಅವರು ನಮ್ಮೂರಿಗೆ ಬಂದವರೂ ಅಲ್ಲ. ಆದರೂ ನಂಟು ಇದೆ. ಹೆಸರಿಗೆ ಪಹಣಿ ಇಲ್ಲದ ಊರಿನಲ್ಲಿ ಬೆಳೆಸಾಲದ ಸಂಘ ನಡೆಯುವುದು ಕಷ್ಟ. ಒಡೆಯರ ನಾಲ್ಕು ಮನೆಯವರು ಮಾತ್ರ ಸದಸ್ಯರಾಗಿದ್ದರೆ ಇದಕ್ಕೆ ಗ್ರಾಮದ ಸಂಘ ಅನ್ನುವ ಹೆಸರೂ ಒಪ್ಪುತ್ತಿರಲಿಲ್ಲ. ಇವತ್ತು ವಾರ್ಷಿಕ ಮಹಾಸಭೆಯಲ್ಲಿ ಅಂದಿನ ಒಡೆಯರ ಮೊಮ್ಮಕ್ಕಳೂ ಅಂದಿನ ಒಕ್ಕಲುಗಳ ಮೊಮ್ಮಕ್ಕಳೂ ಒಂದೇ ಜಮಖಾನದ ಮೇಲೆ ಕೂರುತ್ತೇವೆ. ಹತ್ತು ಎಕರೆ ಇದ್ದವನಿಗೂ ಒಂದೇ ಓಟು, ಹತ್ತು ಗುಂಟೆ ಇದ್ದವನಿಗೂ ಒಂದೇ ಓಟು. ಮಂಡಳಿಯ ಮುಂದೆ ಎದುರುಬದುರು ನಿಂತಿದ್ದ ಮನೆಗಳು ಇವತ್ತು ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ಹಾಕುತ್ತಿದ್ದಾರೆ. ಕಾಯಿದೆ ಜಮೀನನ್ನು ಹಂಚಬಹುದು, ಮನಸ್ಸನ್ನು ಕೂಡಿಸುವುದಕ್ಕೆ ಆಗುವುದಿಲ್ಲ. ಆ ಕೆಲಸವನ್ನು ನಮ್ಮಂಥ ಸಂಘಗಳೇ ಮಾಡಬೇಕು.

ಈ ಸಂದರ್ಭದಲ್ಲಿ ಸದಸ್ಯರಿಗೆ ಎರಡು ಮೂರು ಮಾತು ಹೇಳಿ ಮುಗಿಸುತ್ತೇವೆ. ಮಂಡಳಿಯ ಆದೇಶದ ಪ್ರತಿ, ನಮೂನೆ 10ರ ಹಕ್ಕುಪತ್ರ, ಹಣ ಕಟ್ಟಿದ ರಸೀದಿ ಮನೆಯಲ್ಲಿದ್ದರೆ ಅದನ್ನು ಜೋಪಾನವಾಗಿ ಇಡಿ. ಗೆದ್ಲು ಹಿಡಿಯುವ ಪೆಟ್ಟಿಗೆಯಲ್ಲಿ ಹಾಕಬೇಡಿ, ನಕಲು ಮಾಡಿಸಿ ಎರಡು ಕಡೆ ಇಡಿ. ಇನ್ನೂ ಅಜ್ಜನ ಹೆಸರಿನಲ್ಲೇ ಪಹಣಿ ಇರುವ ಮನೆಗಳು ನಮ್ಮಲ್ಲಿ ಇವೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಮಾತಾಡಿ ಪೌತಿ ಖಾತೆ, ವಿಭಾಗ ಮಾಡಿಸಿಕೊಳ್ಳಿ. ಅಂದು ಒಡೆಯ ಮತ್ತು ಒಕ್ಕಲು ಕೋರ್ಟಿಗೆ ಹೋಗುತ್ತಿದ್ದರು, ಇಂದು ಅಣ್ಣ ತಮ್ಮ ಹೋಗುತ್ತಿದ್ದಾರೆ. ವಾಯಿದೆ, ಬಸ್ ಚಾರ್ಜು, ಫೀಸು ಎಲ್ಲಾ ಹಾಗೇ ಇದೆ.

ಇನ್ನೊಂದು ವಿಷಯ. 1974ರ ಕಾಯಿದೆ ಹೊಸದಾಗಿ ಗೇಣಿಗೆ ಕೊಡುವುದನ್ನೂ ನಿಷೇಧಿಸಿತು. ಆದರೂ ಮಕ್ಕಳು ಪಟ್ಟಣ ಸೇರಿದ ಮನೆಗಳಲ್ಲಿ ಗದ್ದೆಯನ್ನು ಬಾಯಿಮಾತಿನಲ್ಲಿ ಬೇರೆಯವರಿಗೆ ಮಾಡಲು ಬಿಡುವುದು ನಡೆದೇ ಇದೆ. ಹಾಗೆ ಮಾಡುವವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಬೆಳೆ ಹೋದರೆ ಪರಿಹಾರ ಜಮೀನಿನವನ ಖಾತೆಗೆ, ನಷ್ಟ ಉತ್ತವನ ತಲೆಗೆ. ಅವನು ಸಂಘಕ್ಕೆ ಬಂದರೆ ಸಾಲ ಕೊಡುವುದಕ್ಕೆ ನಮ್ಮ ಕೈ ಕಟ್ಟಿದೆ. 50 ವರ್ಷದ ಹಿಂದೆ ಪಹಣಿಯ 12ನೇ ಕಾಲಂನ ಹೊರಗೆ ನಿಂತಿದ್ದವನೇ ಇವತ್ತು ಬೇರೆ ವೇಷದಲ್ಲಿ ನಮ್ಮ ಕಚೇರಿಯ ಕಟಾಂಜನದ ಹೊರಗೆ ನಿಂತಿದ್ದಾನೆ. ಇಂಥವರಿಗೆ ಸ್ವಸಹಾಯ ಗುಂಪು, ಜಂಟಿ ಬಾಧ್ಯತಾ ಗುಂಪುಗಳ ಮೂಲಕ ಏನು ಮಾಡಬಹುದು ಅಂತ ಆಡಳಿತ ಮಂಡಳಿ ಮತ್ತು ಸದಸ್ಯರು ಸೇರಿ ಯೋಚನೆ ಮಾಡಬೇಕು. ಬೆಳ್ಳಿಹಬ್ಬದ ವರ್ಷದಲ್ಲಿ ಈ ಒಂದು ಕೆಲಸ ಶುರುವಾದರೆ ಅದೇ ದೇವರಾಜ ಅರಸು ಅವರಿಗೆ ನಾವು ಸಲ್ಲಿಸುವ ನಿಜವಾದ ಗೌರವ ಅಂತ ನಾವು ತಿಳಿದಿದ್ದೇವೆ.

ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ, ಪ್ರತಿ ಮನೆಯಲ್ಲೂ ಬೆಳೆ ಕೈಸೇರಲಿ ಅಂತ ಹಾರೈಸುತ್ತೇವೆ.

ಜೈ ಸಹಕಾರ.